ಡಬ್ಬಿಯ ಮೇಲೆ ಕೈಯಿಟ್ಟು

ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದದ್ದು. ಬಸ್ಸು ಸೇತುವೆ ಹತ್ತಿದರೆ ಕಣ್ಣು ಮುಚ್ಚುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎದೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಎತ್ತುತ್ತೇನೆ. ಕುಂದಗೋಳದಲ್ಲಿ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಇದನ್ನು ಆಡಿಕೊಂಡು ನಗುತ್ತಾರೆ. ನಗಲಿ. ಅವರ ಜಂಪರಿನ ಅಳತೆ ತಪ್ಪೀತೆಂಬ ಹೆದರಿಕೆಯೂ ನನಗೇ ಇರುವುದರಿಂದ ಅವರಿಗೇನೂ ನಷ್ಟವಿಲ್ಲ.

ನಮ್ಮವರು ಇದಕ್ಕೆ ಪೂರ್ತಿ ಉಲ್ಟಾ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು. ಈಗ ಕೊರಳಲ್ಲಿ ಸೀಟಿ ಇಲ್ಲ, ಆದರೆ ಸೀಟಿ ಊದಿದಂತೆಯೇ ಮಾತಾಡುತ್ತಾರೆ. ಹಾವು, ಕತ್ತಲೆ, ಸಾಹೇಬರು, ಯಾವುದಕ್ಕೂ ಅಂಜಿದ್ದನ್ನು ನಾನು ನೋಡಿಲ್ಲ. ಅವರಿಗೆ ಆಗದ ವಸ್ತು ಜಗತ್ತಿನಲ್ಲಿ ಒಂದೇ, ಅದು ದಾರೂ. ಮದುವೆಮನೆಯಲ್ಲಿ ಬಾಯಿ ವಾಸನೆ ಬಂದವನ ಬಾಜು ಊಟಕ್ಕೆ ಕೂಡುವವರಲ್ಲ. ಸಾಲೆಯ ಹುಡುಗರನ್ನು ಕರೆದುಕೊಂಡು ದಾರೂ ಅಂಗಡಿಯ ಮುಂದೆಯೇ ಪ್ರಭಾತಫೇರಿ ತೆಗೆದವರು. ‘ಮಾಸ್ತರ್ರು ಬಂದ್ರು’ ಅಂದರೆ ಊರಲ್ಲಿ ಗ್ಲಾಸುಗಳು ಕುರ್ಚಿಯ ಕೆಳಗೆ ಸರಿಯುತ್ತಿದ್ದವು.

ಹೋದ ವರ್ಷ ದಸರಾ ಮುಗಿದ ಮೇಲೆ ಇಂಥವರನ್ನು ಕರೆದುಕೊಂಡು ನಾನು ವಿಜಯಪುರಕ್ಕೆ ಹೊರಟೆ. ಅಲ್ಲಿ ನನ್ನ ಗೆಳತಿಯಿದ್ದಾಳೆ. ಕುಂದಗೋಳದ ಕನ್ನಡ ಸಾಲೆಯಲ್ಲಿ ನಾವಿಬ್ಬರೂ ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದವರು. ಅವಳ ಗಂಡ ಬ್ಯಾಂಕಿನಿಂದ ನಿವೃತ್ತರಾಗಿ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಬಡಾವಣೆಯ ಗೋಡೆಗೆ ಹತ್ತಿಕೊಂಡೇ ಅವರ ದ್ರಾಕ್ಷಿ ತೋಟ. ‘ಬನ್ನಿ ಕೊಡಾಕರ ಬಾ ಬೇ, ಸತ್ತ ಮ್ಯಾಲ ಬಂದು ಮಣ್ಣ ಹಾಕ್ತೀಯೇನು’ ಎಂದು ಪ್ರತಿ ವರ್ಷ ಫೋನಿನಲ್ಲಿ ಜಗಳ ತೆಗೆಯುತ್ತಿದ್ದಳು. ದಸರಾದ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೂಣು’ ಎಂದು ಹೇಳಿಬರುವುದಕ್ಕೆ ಐದಾರು ತಾಸು ಬಸ್ಸಿನಲ್ಲಿ ಕೂಡಬೇಕೇ ಎಂದು ನಾನು ಪ್ರತಿ ವರ್ಷ ತಪ್ಪಿಸಿಕೊಂಡಿದ್ದೆ. ಈ ಸಲ ನಮ್ಮವರೇ ‘ಹೋಗೂಣು ನಡೀ’ ಅಂದರು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದ, ನರಗುಂದ ದಾಟಿದೆವು. ಕೊಲ್ಹಾರದ ಸೇತುವೆಯ ಮೇಲೆ ನಾನು ಕಣ್ಣು ಮುಚ್ಚಿದವಳು, ಮೊಸರು ಮಾರುವವರ ಕೂಗು ಕಿವಿಗೆ ಬಿದ್ದ ಮೇಲೆಯೇ ಬಿಟ್ಟದ್ದು. ಪಕ್ಕದಲ್ಲಿ ನಮ್ಮವರು ಆರಾಮವಾಗಿ ಶೇಂಗಾ ಸುಲಿಯುತ್ತಿದ್ದರು.

ಬಡಾವಣೆ ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ನೆಟ್ಟಗಿನ ಡಾಂಬರು ರಸ್ತೆ, ಎರಡೂ ಬದಿಗೆ ಹೂವಿನ ಗಿಡ, ಕಂಪೌಂಡು, ದೊಡ್ಡ ದೊಡ್ಡ ಗೇಟು. ಆದರೆ ಇಳಿಹೊತ್ತಿನಲ್ಲಿ ಆಟೋದಿಂದ ಇಳಿದು ನೋಡಿದರೆ ರಸ್ತೆಯ ಮೇಲೆ ಒಂದು ನರಪಿಳ್ಳೆಯಿಲ್ಲ. ಕಟ್ಟೆಯ ಮೇಲೆ ಕೂತವರಿಲ್ಲ, ಅಂಗಳದಲ್ಲಿ ಅಕ್ಕಿ ಆರಿಸುವವರಿಲ್ಲ. ಎಲ್ಲ ಗೇಟುಗಳೂ ಮುಚ್ಚಿದ್ದವು. ಒಳಗಿನಿಂದ ನಾಯಿಗಳು ಮಾತ್ರ ಬೊಗಳುತ್ತಿದ್ದವು. ನಮ್ಮ ಓಣಿಯಲ್ಲಿ ಪಾತ್ರೆ ಕೆಳಗೆ ಬಿದ್ದರೂ ‘ಏನಾತ್ರಿ?’ ಎಂದು ಮೂರು ಮನೆಯವರು ಕೇಳುತ್ತಾರೆ. ಇಲ್ಲಿ ಏನಾದರೂ ಆದರೆ ಯಾರನ್ನು ಕೂಗುವುದು ಎಂಬ ವಿಚಾರ ನನಗೆ ಗೇಟಿನಲ್ಲಿಯೇ ಬಂತು. ಗೆಳತಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೀ ಇನ್ನೂ ಸುಧಾರಿಸಿಲ್ಲ ನೋಡು. ಬಾ ಬೇ ಒಳಗ, ಹುಲಿ ಇಲ್ಲ ಇಲ್ಲಿ.”

“ಬಾಜು ಮನ್ಯಾಗ ಯಾರದಾರ?” ಎಂದೆ.

“ಯಾರೋ ಒಬ್ಬಾಕಿ ಅದಾಳ. ಬಿಳಿ ಕಾರ್ ನಡಸ್ತಾಳ. ಹೆಸರು ಗೊತ್ತಿಲ್ಲ.”

ಮನೆ ಕಟ್ಟಿಸಿ ಎಷ್ಟೋ ವರ್ಷವಾಗಿದೆ, ಬಾಜು ಮನೆಯವಳ ಹೆಸರು ಗೊತ್ತಿಲ್ಲ! ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮರುದಿನ ಮುಂಜಾನೆ ಚಹಾ ಕುಡಿಯುವಾಗ ಇನ್ನೊಂದು ಸಂಗತಿ ಹೊರಬಿತ್ತು. ಗೆಳತಿಯ ಗಂಡನ ತೋಟದ ದ್ರಾಕ್ಷಿ ತಿನ್ನುವ ದ್ರಾಕ್ಷಿಯಲ್ಲವಂತೆ, ವೈನ್ ಫ್ಯಾಕ್ಟರಿಗೆ ಹೋಗುತ್ತದಂತೆ. ಗೋಡೆಯ ಕಪಾಟಿನಲ್ಲಿ ಫ್ಯಾಕ್ಟರಿಯವರು ಕೊಟ್ಟ ಬಾಟಲಿಗಳು ಸಾಲಾಗಿ ನಿಂತಿದ್ದವು. ನಮ್ಮವರು ಆ ಕಡೆಗೆ ಬೆನ್ನು ಮಾಡಿ ಕೂತರು.

“ಬಳ್ಳಿಗೆ ಏನ್ ಗೊತ್ತ್ರಿ ಮಾಸ್ತರ್ರ, ತನ್ನ ಹಣ್ಣು ಎಲ್ಲಿಗಿ ಹೋಗತೈತಿ ಅಂತ?” ಎಂದು ಗೆಳತಿಯ ಗಂಡ ನಕ್ಕರು.

“ಬಳ್ಳಿಗೆ ಗೊತ್ತಿಲ್ಲ. ನಿಮಗ ಗೊತ್ತೈತೆಲ್ರಿ?” ಅಂದರು ಇವರು.

ಬಂದ ಮನೆಯಲ್ಲಿ ಇದೇನು ಮಾತು ಎಂದು ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಗೆಳತಿಯ ಗಂಡ ಒಳ್ಳೆಯವರು, ಮಾತು ಬೇರೆ ಕಡೆ ತಿರುಗಿಸಿ ತೋಟ ನೋಡಲು ಕರೆದುಕೊಂಡು ಹೋದರು. ಅವರಿಗೂ ಅವತ್ತು ತಲೆಬಿಸಿಯಿತ್ತು. ಹಿಂದಿನ ದಿನವೇ ‘ಚಾಟ್ನಿ’ ಮುಗಿದಿತ್ತು, ಅಂದರೆ ಬಳ್ಳಿಯನ್ನೆಲ್ಲ ಕತ್ತರಿಸಿ ಬೋಳು ಕಡ್ಡಿ ಮಾಡುವ ಕೆಲಸ. ಅದಾದ ಬೆನ್ನಿಗೇ ಕಡ್ಡಿಯ ಮೇಲೆ ಚಿಗುರೊಡೆಯುವ ಕಣ್ಣುಗಳಿಗೆ ಒಂದು ಔಷಧ ಒರೆಸಬೇಕು, ಎಲ್ಲ ಕಣ್ಣೂ ಕೂಡಿಯೇ ಒಡೆಯಲಿ ಎಂದು. ಅದಕ್ಕೆ ಅವರು ಪೇಸ್ಟ್ ಅನ್ನುತ್ತಾರೆ. ಮೋಡ ಬೇರೆ ಕಟ್ಟಿತ್ತು, ಆಳು ಬೇರೆ ಕಡಿಮೆ ಬಿದ್ದಿದ್ದರು.

ಆಳುಗಳ ಮುಕಾದಮ, ಅಂದರೆ ಅವರ ಗುಂಪಿನ ಮುಖಂಡ, ನಡುವಯಸ್ಸಿನ ಗಟ್ಟಿ ಮನುಷ್ಯ. ಔಷಧದ ತಗಡಿನ ಡಬ್ಬಿಯನ್ನು ಬದುವಿನ ಮೇಲೆ ಇಟ್ಟು, ಮುಚ್ಚಳ ತೆಗೆಯುವ ಮೊದಲು ಎಲ್ಲರನ್ನೂ ಹತ್ತಿರ ಕರೆದ. ಒಬ್ಬೊಬ್ಬರೂ ಬಂದು ಡಬ್ಬಿಯ ಮೇಲೆ ಅಂಗೈಯಿಟ್ಟು, ‘ಕುಡಿದಿಲ್ಲ, ಕುಡಿಯೂದಿಲ್ಲ’ ಎಂದು ಹೇಳಬೇಕು. ಹಾಗೆ ಹೇಳಿದ ಮೇಲೆಯೇ ಕೈಗೆ ಕೈಗವಸು. ಇದು ಅವನು ಮಾಡಿಕೊಂಡ ಪದ್ಧತಿ.

“ಯಾಕ ಹಿಂಗ?” ಎಂದು ನಾನು ಕೇಳಿದೆ.

“ಇದು ಮೈಗೆ ಹತ್ತಿದ ಮ್ಯಾಲ ಹೊಟ್ಟ್ಯಾಗ ದಾರೂ ಬಿತ್ತಂದ್ರ ಮನಷ್ಯಾ ಉಳೀತಾನ ಅಂತ ಹೇಳಾಕ ಆಗೂದಿಲ್ರಿ ಅಕ್ಕಾರ. ಮಾರಿ ಕೆಂಡ ಆಗತೈತಿ, ಉಸರು ಹಿಡೀತೈತಿ. ನಾಕೈದು ದಿನಾ ಸೈತ ಮುಟ್ಟಬಾರದು.”

ನಾನು ಡಬ್ಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮವರು ಮುಂದೆ ಹೋದರು. ಕುಡಿಯಬಾರದೆಂದು ಆಣೆ ಮಾಡಿಸುವ ಮನುಷ್ಯ ಸಿಕ್ಕಿದ್ದೇ ಅವರಿಗೆ ಖುಷಿಯಾಗಿಬಿಟ್ಟಿತ್ತು. ದ್ರಾಕ್ಷಿ ಎಲ್ಲಿಗೆ ಹೋಗುತ್ತದೆಂಬ ಸಿಟ್ಟು ಮರೆತು, ಆಳು ಕಡಿಮೆ ಇದ್ದಾರಲ್ಲ, ತಾನೂ ಒಂದು ಸಾಲು ಮಾಡುತ್ತೇನೆ ಎಂದರು. ಗೆಳತಿಯ ಗಂಡ ಬೇಡವೆಂದು ಕೈಮುಗಿದರು. ಇವರು ಕೇಳಬೇಕಲ್ಲ! ಮುಕಾದಮನಿಗೆ ಸಂಕೋಚ. ಹಣೆಯ ಮೇಲೆ ವಿಭೂತಿಯಿದ್ದ ಹಿರಿಯ ಮನುಷ್ಯರನ್ನು ಕುಡಿದಿದ್ದೀರಾ ಎಂದು ಹೇಗೆ ಕೇಳುವುದು?

“ನಿಮಗ ಬ್ಯಾಡ್ರಿ ಸರ, ಆಣಿ ಗೀಣಿ,” ಅಂದ.

“ಯಾಕ ಬ್ಯಾಡ? ಎಲ್ಲಾರಿಗೂ ಒಂದ ಕಾಯ್ದೆ,” ಎಂದು ಇವರು ತಗಡಿನ ಮೇಲೆ ಅಂಗೈ ಊರಿ, ಸಾಲೆಯ ಮೈದಾನಕ್ಕೆಲ್ಲ ಕೇಳುವ ದನಿಯಲ್ಲಿ ಹೇಳಿದರು. “ಹುಟ್ಟಿದಾಗಿಂದ ಒಂದ ಹನಿ ಮುಟ್ಟಿಲ್ಲ. ಸಾಯೂತನಕ ಮುಟ್ಟೂದಿಲ್ಲ.”

ಆಳುಗಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ‘ಸಾಯೂತನಕ’ ಎಂಬ ಮಾತು ಸರಿಬರಲಿಲ್ಲ. ಇಂಥ ಮಾತು ಗಟ್ಟಿಯಾಗಿ ಆಡಬಾರದು, ಎಲ್ಲಿ ಏನು ಕೇಳಿಸಿಕೊಳ್ಳುತ್ತದೋ ಎಂದು ನನ್ನ ಸ್ವಭಾವಕ್ಕೆ ತಕ್ಕಂತೆ ಅಂಜಿದೆ.

ಊಟದ ಹೊತ್ತಿನವರೆಗೂ ಅವರು ಬಿಡದೆ ಕೆಲಸ ಮಾಡಿದರು. ಒರೆಸಿದ ಕಣ್ಣು ಗೊತ್ತಾಗಲೆಂದು ಆ ಔಷಧಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಮನೆಗೆ ಬಂದಾಗ ನೋಡುತ್ತೇನೆ, ಎಡಗೈಯ ಕೈಗವಸು ಹೆಬ್ಬೆರಳಿನ ಬುಡದಲ್ಲಿ ಹರಿದಿದೆ, ಕೈಯೆಲ್ಲ ಮಣಿಕಟ್ಟಿನ ತನಕ ಕೆಂಪು. ಸಾಬೂನು ಹಚ್ಚಿ ಎರಡೆರಡು ಸಲ ತೊಳೆಸಿದೆ. ಬಣ್ಣ ಪೂರ್ತಿ ಹೋಗಲಿಲ್ಲ. “ಏ, ಮದರಂಗಿ ಅನ್ಕೋ,” ಎಂದು ಚೇಷ್ಟೆ ಮಾಡಿದರು.

ಗೆಳತಿ ಹೋಳಿಗೆ ಮಾಡಿದ್ದಳು, ಎಣ್ಣೆಗಾಯಿ, ರೊಟ್ಟಿ, ಕಟ್ಟಿನ ಸಾರು. ಬೇಡ ಬೇಡವೆಂದರೂ ಬಡಿಸಿದಳು. ನಮ್ಮವರು ದುಡಿದ ಹಸಿವಿನಲ್ಲಿ ಉಂಡರು. ಊಟವಾದ ಮೇಲೆ ಚೀಲದಿಂದ ತಮ್ಮ ದ್ರಾಕ್ಷಾಸವದ ಬಾಟಲಿ ತೆಗೆದರು. ಆಯುರ್ವೇದದ ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಜೀರ್ಣದ ಔಷಧ ಅದು. ನಮ್ಮ ಮಾವನವರ ಕಾಲದಿಂದ ಮನೆಯಲ್ಲಿದೆ. ದಿನಾ ಊಟವಾದ ಮೇಲೆ ಎರಡು ಮುಚ್ಚಳ ತೆಗೆದುಕೊಳ್ಳುವವರು ಅವತ್ತು ಹೊಟ್ಟೆ ಭಾರವಾಗಿದೆಯೆಂದು ಅರ್ಧ ಲೋಟ ಸುರಿದುಕೊಂಡು ಕುಡಿದರು. ಆಮೇಲೆ ವರಾಂಡದ ಜೋಕಾಲಿಯಲ್ಲಿ ಕೂತು ಪೇಪರು ಬಿಡಿಸಿದರು. ಗೆಳತಿಯ ಗಂಡ ಫ್ಯಾಕ್ಟರಿಯವರನ್ನು ಕಂಡು ಬರುತ್ತೇನೆಂದು ಕಾರು ತೆಗೆದುಕೊಂಡು ಹೋದರು.

ನಾನೂ ಗೆಳತಿಯೂ ಒಳಗೆ ಎಲೆಯಡಿಕೆ ಹಾಕಿಕೊಂಡು ಹಳೆಯ ಸಾಲೆಯ ಮಾತಾಡುತ್ತಿದ್ದೆವು. ಜೋಕಾಲಿಯ ಸರಪಳಿಯ ಕಿರ್ ಕಿರ್ ಸದ್ದು ನಿಂತಿತು. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಆಮೇಲೆ ಪೇಪರು ಕೆಳಗೆ ಬಿದ್ದ ಸದ್ದು. ಏನೋ ಅನ್ನಿಸಿ ಎದ್ದು ಹೋದೆ.

ಅವರ ಮುಖ ಕೆಂಪಾಗಿತ್ತು. ಬಿಸಿಲಿಗೆ ಆಗುವ ಕೆಂಪಲ್ಲ. ಕಿವಿ, ಕುತ್ತಿಗೆ, ಎದೆ, ಎಲ್ಲ ಕಡೆಗೆ ಕುದಿಯುವ ನೀರು ಸುರಿದಂತೆ ಆಗಿತ್ತು. ಕಣ್ಣು ಕೂಡ ಕೆಂಪು. ಒಂದು ಕೈಯಿಂದ ಸರಪಳಿ ಹಿಡಿದು, ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು, ಉಸಿರು ಒಳಗೆ ಹೋಗುತ್ತಿರಲಿಲ್ಲ. “ಎದಿ… ಎದಿ ಬಡಕೊಳ್ಳಾಕ ಹತ್ತೇತಿ,” ಎಂದಷ್ಟೇ ಅಂದರು. ಅವರ ಅಣ್ಣ ಹೀಗೆಯೇ ಊಟ ಮಾಡಿ ಕೈ ತೊಳೆದು ಪಡಸಾಲೆಯಲ್ಲಿ ಕೂತವರು ಕೂತಲ್ಲೇ ಹೋಗಿದ್ದರು. ನನ್ನ ತಲೆಯಲ್ಲಿ ಅದೊಂದೇ. ಮುಗಿಯಿತು, ನನ್ನ ಪಾಲಿನದು ಇವತ್ತು ಬಂತು, ಗುರುತು ಪರಿಚಯವಿಲ್ಲದ ಊರಿನಲ್ಲಿ ಬಂತು.

ಗೆಳತಿ ಗಂಡನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಆಂಬುಲೆನ್ಸಿಗೆ ಹಚ್ಚಿದಳು. ಬರುತ್ತದೆ, ಸ್ವಲ್ಪ ಹೊತ್ತಾಗುತ್ತದೆ ಅಂದರು. ನಾನು ಗೇಟು ತೆರೆದು ರಸ್ತೆಗೆ ಓಡಿದೆ. “ಯಾರರ ಬರ್ರೀ! ಯಾರರ ಬರ್ರೆಪಾ!” ಎಂದು ಕಿರುಚಿದೆ. ನಾಯಿಗಳು ಬೊಗಳಿದವು. ಎದುರಿನ ಮನೆಯ ಮಹಡಿಯಲ್ಲಿ ಪರದೆ ಸರಿಯಿತು, ಮತ್ತೆ ಮುಚ್ಚಿತು. ಅದನ್ನು ನಾನು ಈಗಲೂ ಮರೆತಿಲ್ಲ. ನಿನ್ನೆಯಿಂದ ನಾನು ಯಾವುದಕ್ಕೆ ಅಂಜಿದ್ದೆನೋ ಅದೇ ನಡೆಯುತ್ತಿತ್ತು. ನನ್ನ ಹೆದರಿಕೆ ಒಮ್ಮೆಯಾದರೂ ಸುಳ್ಳಾಗಲಿ ಎಂದು ನಾನು ಹಿಂದೆಂದೂ ಅಷ್ಟು ಬೇಡಿಕೊಂಡಿರಲಿಲ್ಲ.

ಆಗ ಬಾಜು ಮನೆಯ ಗೇಟು ತೆರೆಯಿತು. ನೈಟಿಯ ಮೇಲೆ ಟವೆಲ್ಲು ಹೊದ್ದ ಹೆಂಗಸೊಬ್ಬಳು ಕಾರಿನ ಚಾವಿ ಹಿಡಿದೇ ಹೊರಗೆ ಬಂದಳು. ಏನಾಯಿತೆಂದು ಕೂಡ ಕೇಳಲಿಲ್ಲ. “ಹಿಂದಿನ ಸೀಟಿನ್ಯಾಗ ಮಲಗಸ್ರಿ,” ಅಂದಳು. ಮೂವರೂ ಕೂಡಿ ಅವರನ್ನು ಎತ್ತಿ ಮಲಗಿಸಿದೆವು. ದಾರಿಯಲ್ಲಿ ಅವರು ಒಮ್ಮೆ ವಾಂತಿ ಮಾಡಿಕೊಂಡರು. ಅವಳು ಹಿಂದೆ ತಿರುಗದೆ, “ಇರ್ಲಿ ಬಿಡ್ರಿ,” ಎಂದು ಗಾಡಿ ಓಡಿಸಿದಳು. ನಾನು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುತ್ತಿಗೆಯ ನಾಡಿ ಮುಟ್ಟುತ್ತಿದ್ದೆ. ಅದು ನನ್ನ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಸಿಗದೇ ಹೋಯಿತು. ಗಾಡಿ ಕುಲುಕಿ ನನ್ನ ಬೆರಳೇ ಜರುಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವರ ಮುಖ ನೋಡಿದವರೇ ನನ್ನ ಕಡೆ ತಿರುಗಿ ಮೊದಲು ಕೇಳಿದ್ದು ಒಂದೇ ಮಾತು.

“ಎಷ್ಟು ಕುಡಿದಾರ್ರಿ?”

ನನಗೆ ಆ ಸಂಕಟದಲ್ಲಿಯೂ ರಕ್ತ ಕುದಿಯಿತು. “ಯಾರಿಗೆ ಏನ್ ಕೇಳಾಕ ಹತ್ತೀರಿ? ನಮ್ಮನ್ಯಾಗ ಅದರ ಹೆಸರು ಸೈತ ಎತ್ತೂದಿಲ್ಲ!”

“ಚಾಟ್ನಿ ದಿನದಾಗ ಹಿಂಗ ಕೆಂಪಾಗಿ ಬಂದಾವ್ರ ಮನಿಯವರು ಎಲ್ಲಾರೂ ಹಂಗ ಅಂತಾರ್ರಿ ತಾಯಿ. ಕೈಯಾಗ ಪೇಸ್ಟಿನ ಬಣ್ಣ ಕಾಣಾಕ ಹತ್ತೇತಿ. ಖರೇ ಹೇಳ್ರಿ.”

ಗೆಳತಿಯೂ ಆಣೆ ಪ್ರಮಾಣ ಮಾಡಿ ಹೇಳಿದಳು. ಅಷ್ಟರಲ್ಲಿ ಇಸಿಜಿಯ ಕಾಗದ ಬಂತು. ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬಿ.ಪಿ. ಇಳಿಯುತ್ತಿತ್ತು. ನನ್ನನ್ನು ಬದಿಗೆ ಕರೆದು ನಿಧಾನವಾಗಿ ತಿಳಿಸಿದರು. ಇದು ಹಾರ್ಟಿನದಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ತಕ್ಷಣ ಕೊಡಬೇಕು, ತಡವಾದರೆ ಉಳಿಯುವುದಿಲ್ಲ. ಹಾರ್ಟಿನದಲ್ಲದೆ ಪೇಸ್ಟು-ದಾರೂ ಕೂಡಿದ್ದಾದರೆ ಆ ಇಂಜೆಕ್ಷನ್ನೇ ಜೀವಕ್ಕೆ ಕುತ್ತು. “ಕುಡಿದಿದ್ರ ಕುಡಿದಾರ ಅನ್ರಿ. ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ಸುಳ್ಳು ಹೇಳಬ್ಯಾಡ್ರಿ.”

ನಾನು ಮಂಚದ ಹತ್ತಿರ ಹೋದೆ. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ. ಗೆಳತಿಯ ಮನೆಯ ಕಪಾಟಿನಲ್ಲಿದ್ದ ಬಾಟಲಿಗಳು ಕಣ್ಣ ಮುಂದೆ ಬಂದವು. ಕಾರು ತೆಗೆದುಕೊಂಡು ಹೋಗುವ ಮೊದಲು ಗೆಳತಿಯ ಗಂಡ ಇವರ ಬಾಜು ಬಂದು ಏನೋ ಮಾತಾಡಿದ್ದರಲ್ಲ, ಗಂಡಸರು, ರುಚಿ ನೋಡಿರಬಹುದೇ? “ರೀ, ಒಂದ ಗುಟುಕರ ಕುಡಿದೀರೇನು? ನನ್ನಾಣಿ ಹೇಳ್ರಿ,” ಎಂದು ಕೇಳಿದೆ. ಅವರು ಆಕ್ಸಿಜನ್ ಮಾಸ್ಕಿನ ಮೇಲಿನಿಂದ ನನ್ನನ್ನು ನೋಡಿದರು. ತಲೆ ಆಡಿಸಿ ಇಲ್ಲವೆಂದರು. ಸಾಲದೆಂದು, ಆ ಕೆಂಪು ಹತ್ತಿದ ಅಂಗೈಯನ್ನು ಹಾಸಿಗೆಯ ಮೇಲೆ ಊರಿ ತೋರಿಸಿದರು.

ಅಷ್ಟು ಸಾಕಾಗಿತ್ತು ನನಗೆ. ಈ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. “ಕುಡಿದಿಲ್ರಿ. ಇಂಜೆಕ್ಷನ್ ಕೊಡ್ರಿ,” ಅಂದೆ. ಅಂದವಳೇ ಗೆಳತಿಯನ್ನು ಹಿಡಿದುಕೊಂಡೆ. ನನ್ನ ಒಂದು ಮಾತಿನ ಮೇಲೆ ಅವರ ಜೀವ ನಿಂತಿತ್ತು. ಹೌದು ಅಂದರೂ ಸಾಯಬಹುದು, ಇಲ್ಲ ಅಂದರೂ ಸಾಯಬಹುದು. ಅಂಥ ಹೆದರಿಕೆ ಶತ್ರುವಿಗೂ ಬೇಡ.

ನರ್ಸು ಇಂಜೆಕ್ಷನ್ ತಯಾರು ಮಾಡುತ್ತಿದ್ದಳು. ಡಾಕ್ಟರು ಇನ್ನೊಮ್ಮೆ ಕೇಳಿದರು. “ಬ್ಯಾರೆ ಏನರ? ಗುಳಿಗಿ, ಸೋಡಾ, ಕಷಾಯ? ಊಟ ಆದ ಮ್ಯಾಲ ಬಾಯಾಗ ಹೋಗಿದ್ದು ಎಲ್ಲಾ ಹೇಳ್ರಿ.”

“ಬಿ.ಪಿ. ಗುಳಿಗಿ ಮುಂಜಾನಿದು. ಊಟ ಆದ ಮ್ಯಾಲ ಏನೂ ಇಲ್ರಿ,” ಎಂದೆ. “ದ್ರಾಕ್ಷಾಸವ ಅಷ್ಟ.”

ಡಾಕ್ಟರು ನರ್ಸಿಗೆ ಕೈ ಅಡ್ಡ ಹಿಡಿದರು.

“ಎಷ್ಟು?”

“ಅರ್ಧ ಲೋಟ. ಅದು ಔಷಧ್ರಿ, ಜೀರ್ಣಕ್ಕ.”

“ಔಷಧನ ಹೌದ್ರಿ. ದ್ರಾಕ್ಷಿ, ಬೆಲ್ಲ ಕೂಡಿಸಿ ತಿಂಗಳಗಟ್ಲೆ ಮುಚ್ಚಿ ಇಡ್ತಾರ. ಹುಳಿ ಬಂದು ಅದರಾಗ ತಾನ ಹುಟ್ಟತೈತಿ ದಾರೂ. ಎರಡ ಮುಚ್ಚಳ ತಗೊಂಡ್ರ ಯಾರಿಗೂ ಗೊತ್ತಾಗೂದಿಲ್ಲ. ಪೇಸ್ಟ ಹಚ್ಚಿದ ಕೈಲೆ ಅರ್ಧ ಲೋಟ ಅಂದ್ರ…” ಇಂಜೆಕ್ಷನ್ ಬೇಡವೆಂದು ಹೇಳಿ, ಸಲೈನ್ ಹಚ್ಚಲು ಹೇಳಿದರು.

ನಮ್ಮವರು ಎಲ್ಲ ಕೇಳಿಸಿಕೊಂಡಿದ್ದರು. ಹಾಸಿಗೆಯ ಮೇಲೆ ಊರಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.

ಹೊತ್ತು ಮುಳುಗುವ ತನಕ ನಾನು ಆ ಸ್ಟೂಲಿನ ಮೇಲಿನಿಂದ ಏಳಲಿಲ್ಲ. ಡಾಕ್ಟರು ಬಂದು ಹೋಗಿ ಮಾಡಿದರು. ಬಿ.ಪಿ. ಏರಿತು, ಮತ್ತೆ ಇಳಿಯಿತು, ಮತ್ತೆ ಏರಿತು. ಅದು ಇಳಿದಾಗಲೆಲ್ಲ ನಾನು ಹರಕೆ ಹೊತ್ತೆ. ಯಾವ್ಯಾವ ದೇವರಿಗೆ ಎಂದು ಈಗ ನೆನಪಿಲ್ಲ, ತೀರಿಸುವಾಗ ಕಷ್ಟವಾಯಿತು. ಕೊನೆಗೆ ಮುಖದ ಕೆಂಪು ಇಳಿದು ಉಸಿರು ಸರಾಗವಾಯಿತು. “ಪಾರಾದ್ರು. ಆದ್ರ ಒಂದ ವಾರ ಆ ಬಾಟ್ಲಿ ಮನ್ಯಾಗ ಇರಬಾರದು. ಒಂದ ಮುಚ್ಚಳ ಹೋದ್ರೂ ಮತ್ತ ಹಿಂಗ ಆಗತೈತಿ, ಆಗ ಇಷ್ಟ ದೂರ ತರಾಕ ಆಗಲಿಕ್ಕಿಲ್ಲ,” ಎಂದು ಹೇಳಿ ಡಾಕ್ಟರು ಮನೆಗೆ ಹೋದರು.

ಗೆಳತಿಯ ಗಂಡ ಓಡುತ್ತ ಬಂದರು. ಅವರ ಹಿಂದೆ ಮುಕಾದಮನೂ ಬಂದ. ಅವನು ಒಳಗೆ ಬರದೆ ಎಳನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತ. ನಮ್ಮವರು ಕಣ್ಣು ಬಿಟ್ಟು ಅವನನ್ನು ಕಂಡರು. ನನ್ನನ್ನು ಹತ್ತಿರ ಬಾಗಲು ಸನ್ನೆ ಮಾಡಿದರು.

“ಅವಗ ಏನ್ ಹೇಳೀರಿ?”

“ಬಿ.ಪಿ. ಹೆಚ್ಚಾಗಿತ್ತು ಅಂತ ಹೇಳ್ಯಾಳ ಈಕಿ,” ಎಂದು ನಾನು ಗೆಳತಿಯ ಕಡೆ ಕೈ ತೋರಿಸಿದೆ.

“ಚಲೋ ಆತು,” ಎಂದು ಕಣ್ಣು ಮುಚ್ಚಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಮಧ್ಯಾಹ್ನದಿಂದ ನಾನು ಇಲ್ಲಿ ಬದುಕಿ ಸತ್ತು ಮಾಡುತ್ತಿದ್ದೇನೆ, ಇವರಿಗೆ ಮುಕಾದಮ ಏನು ತಿಳಿದುಕೊಂಡ ಎಂಬ ಚಿಂತೆ! ಅಂಜುವುದೆಲ್ಲ ನನ್ನ ಪಾಲಿಗೆ, ಮಾನ ಮರ್ಯಾದೆಯೆಲ್ಲ ಅವರ ಪಾಲಿಗೆ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಸಂಜೆಯ ಪಾಳಿಯ ಲೇಡಿ ಡಾಕ್ಟರ್ ಬಂದಳು. ನಮ್ಮ ಮಗಳ ವಯಸ್ಸಿನ ಹುಡುಗಿ. ಮಧ್ಯಾಹ್ನದ ಕಥೆ ಅವಳಿಗೆ ಗೊತ್ತಿರಲಿಲ್ಲ. ನಾಡಿ ನೋಡಿ, ಎಲ್ಲ ರೋಗಿಗಳಿಗೂ ಕೇಳುವ ಧಾಟಿಯಲ್ಲಿ ಕೇಳಿದಳು.

“ಕುಡಿಯೂ ರೂಢಿ ಐತೇನ್ರಿ ಅಜ್ಜಾರ?”

ಗೆಳತಿ ‘ಇಲ್ರಿ’ ಎನ್ನಲು ಮುಂದೆ ಬಂದಳು. ನಾನೂ ತಯಾರಿದ್ದೆ. ನಮ್ಮವರು ಬಾಗಿಲ ಕಡೆ ನೋಡಿದರು. ಮುಕಾದಮ ಅಲ್ಲಿಯೇ ನಿಂತಿದ್ದ. ಅವನನ್ನು ನೋಡುತ್ತಲೇ ಹೇಳಿದರು.

“ಐತ್ರಿ.”

“ಎಷ್ಟು ದಿನದಿಂದ?”

“ಲಗ್ನಕಿಂತ ಮೊದಲಿಂದ. ದಿನಾ, ಊಟ ಆದ ಮ್ಯಾಲ.”

ಮುಕಾದಮನ ಕಣ್ಣು ನೆಲಕ್ಕೆ ಇಳಿಯಿತು. ಆ ಹುಡುಗಿ ಕುಡುಕನ ಹೆಂಡತಿಯನ್ನು ನೋಡುವ ಕನಿಕರದಿಂದ ನನ್ನನ್ನು ನೋಡಿದಳು. ಅದು ಹಾಗಲ್ಲವ್ವ, ಅದು ಔಷಧ ಎಂದು ಬಿಡಿಸಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಮ್ಮವರು ಇನ್ನೊಂದು ಮಾತು ಕೇಳಿದರು. ಮೈದಾನಕ್ಕೆಲ್ಲ ಕೇಳುವ ದನಿಯಲ್ಲ, ನಾನು ಈ ಜನ್ಮದಲ್ಲಿ ಅವರ ಬಾಯಿಂದ ಕೇಳಿರದ ದನಿ.

“ಬಿಟ್ರ ಉಳೀತೀನೇನವಾ?”

“ಉಳೀತೀರಿ ಅಜ್ಜಾರ,” ಅಂದಳು ಅವಳು.

ಅವರ ಕೈ ಹಾಸಿಗೆಯ ಮೇಲೆ ನನ್ನ ಕೈಯನ್ನು ಹುಡುಕುತ್ತಿತ್ತು. ಹಿಡಿದುಕೊಂಡೆ. ಆ ಹುಡುಗಿ ಹೋದ ಮೇಲೂ ಅವರು ಬಿಡಲಿಲ್ಲ.